ಹೊಗೆಸೊಪ್ಪಿನ ಶೆಡ್ಡಿನಲ್ಲಿ ಕ್ವೇಕರ್ ಮೀಟಿಂಗು

ಕಳೆದ ಭಾನುವಾರ ಗಾವಡಗೆರೆಯಲ್ಲಿ ನಾನೊಂದು ಮುಷ್ಕರ ಮಾಡಿಸಿಬಿಟ್ಟೆ. ಅದೂ ಸ್ವಂತ ತಂಗಿಯ ಮನೆಯಲ್ಲಿ. ನನ್ನಾಣೆ, ಬೇಕೂಂತ ಮಾಡಿದ್ದಲ್ಲ.

ತಪ್ಪೆಲ್ಲ ಕ್ವೇಕರರದು. ಯಾರವರು ಅಂತೀರಾ? ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡ. ಗುಲಾಮಗಿರಿ ಪಾಪ ಅಂತ ಬೇರೆಯವರಿಗಿಂತ ಮೊದಲೇ ಎದ್ದು ನಿಂತವರು. ಹಿಸ್ಟರಿ ಲೆಕ್ಚರರ್ ಕೆಲಸದಿಂದ ರಿಟೈರ್ ಆದವಳಿಗೆ ಮಾಡಲು ಇನ್ನೇನಿದೆ? ಮೂರು ತಿಂಗಳಿಂದ ಹುಣಸೂರಿನ ಮನೆಯಲ್ಲಿ ಕೂತು ಅವರ ಬಗ್ಗೆಯೇ ಓದುತ್ತಿದ್ದೇನೆ. ಹುಚ್ಚು ತಲೆಗೇರಿದೆ. ಹಾಲಿನವನಿಗೂ ಹೇಳಿದ್ದೇನೆ. (ಅವನೀಗ ಹಾಲನ್ನು ಗೇಟಿನಲ್ಲೇ ಇಟ್ಟು ಹೋಗುತ್ತಾನೆ.)

ತಂಗಿ ಮಂಜುಳಾಳ ಶೆಡ್ಡಿನಲ್ಲಿ ಎಂಟು ಹೆಂಗಸರು ಹೊಗೆಸೊಪ್ಪು ಗ್ರೇಡಿಂಗ್ ಮಾಡುತ್ತಿದ್ದರು. ಬಣ್ಣ ನೋಡಿ ಎಲೆ ಬೇರೆ ಮಾಡುವ ಕೆಲಸ. ಮಾರನೆಯ ದಿನವೇ ಹರಾಜಿಗೆ ಹೋಗಬೇಕಿತ್ತು. ಎಲ್ಲರ ಕೈ ಬಿಜಿ, ಕಿವಿ ಖಾಲಿ. ನನಗಿನ್ನೇನು ಬೇಕು?

ಶುರು ಮಾಡಿದೆ. ಮೊದಮೊದಲ ಕ್ರೈಸ್ತರು ಯಜಮಾನನನ್ನೂ ಗುಲಾಮನನ್ನೂ ಒಟ್ಟಿಗೆ ಕೂರಿಸಿ ರೊಟ್ಟಿ ಹಂಚುತ್ತಿದ್ದರು, ಪ್ರಾರ್ಥನೆ ಮುಗಿಸಿ ಹೊರಗೆ ಬಂದರೆ ಗುಲಾಮ ಮತ್ತೆ ಗುಲಾಮನೇ ಅಂದೆ. ಅಮೆರಿಕದಲ್ಲಿ ಇದೇ ಹೊಗೆಸೊಪ್ಪು ಬೆಳೆಯಲು ಗುಲಾಮರನ್ನು ದುಡಿಸುತ್ತಿದ್ದರು, ಕ್ವೇಕರರಲ್ಲೂ ಎಷ್ಟೋ ಜನ ಗುಲಾಮರನ್ನು ಇಟ್ಟುಕೊಂಡಿದ್ದರು ಅಂದೆ.

"ಮತ್ತೆ ಎಂಗ್ ಬುಟ್ರು?"

ಕೇಳಿದ್ದು ತಾಯಮ್ಮ. ಹದಿನೈದು ವರ್ಷದಿಂದ ಇಲ್ಲಿ ಕೆಲಸಕ್ಕೆ ಬರುವಾಕೆ.

ಮೀಟಿಂಗ್ ಮಾಡಿ ಮಾಡಿ ಬಿಟ್ಟರು ಎಂದೆ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಹೇಳಬಹುದು, ಹೆಂಗಸಾದರೂ ಸರಿ. ವೋಟು ಗೀಟು ಇಲ್ಲ. ಎಲ್ಲರೂ ಒಪ್ಪುವ ತನಕ ಯಾರೂ ಏಳುವ ಹಾಗಿಲ್ಲ. (ನಿಜ ಹೇಳಬೇಕೆಂದರೆ, ಒಪ್ಪದಿದ್ದರೆ ಮುಂದಿನ ಮೀಟಿಂಗಿಗೆ ಹಾಕುತ್ತಿದ್ದರು. ಹಾಗೆ ಮುಂದೂಡಿಯೇ ದಶಕಗಟ್ಟಲೆ ಕಳೆದರು. ಕತೆಗೆ ರುಚಿ ಬರಲಿ ಅಂತ ನಾನೇ ಸ್ವಲ್ಪ ಒಗ್ಗರಣೆ ಹಾಕಿದ್ದು.)

ಅಲ್ಲಿಗೇ ನಿಲ್ಲಿಸಬಹುದಿತ್ತು. "ಐದು ನಿಮಿಷ ನಾವೂ ಮಾಡಿ ನೋಡೋಣ್ವಾ?" ಅಂದುಬಿಟ್ಟೆ.

ಮಂಜುಳಾನೂ ನಗುತ್ತಾ ಬಂದು ಕೂತಳು. ಎರಡು ನಿಮಿಷ ಬರೀ ಕಿಸಿಕಿಸಿ. ಆಮೇಲೆ ತಾಯಮ್ಮ ಸೆರಗು ಕೊಡವಿಕೊಂಡು ಎದ್ದಳು.

"ಇತ್ತಲ ಕಕ್ಕಸ್ಗೆ ಬೀಗ ಆಕ್ತೀರಲ್ಲ ಅಮ್ಮೋರೆ, ನಮ್ಗೂ ತಗದ್ರೆ ಆಗಕಿಲ್ವಾ? ಬೇಲಿ ಸಂದಿಗೆ ಓಗಕ್ಕೆ ನಾಚ್ಕೆ ಆಯ್ತದೆ. ಅದ್ಕೇಯ ಬೆಳಗಿಂದ ನೀರೇ ಕುಡಿಯಕಿಲ್ಲ ನಾವು."

ನಗು ನಿಂತಿತು. ಮಂಜುಳಾ ಗೋಡೆ ನೋಡಿದಳು. "ಆಮೇಲೆ ಮಾತಾಡಾಣ, ಈಗ ಕೆಲ್ಸ ನೋಡಿ" ಅಂದಳು.

"ಎಲ್ರೂ ಒಪ್ಪೋಗಂಟ ಏಳಂಗಿಲ್ಲ ಅಂದ್ರಲ್ಲ ಮೇಡಮ್ಮೋರು" ಅಂತ ತಾಯಮ್ಮ ಕೂತೇಬಿಟ್ಟಳು. ಎಂಟೂ ಜನ ಕೈಕಟ್ಟಿ ಕೂತರು.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ತೇವ ಆರಿ ಹದ ತಪ್ಪಿದರೆ ಸೊಪ್ಪು ಪುಡಿಪುಡಿ. ಮಂಜುಳಾಗೆ ಒಂದೊಂದು ಗಳಿಗೆಯೂ ಸಂಕಟ. ನನಗೋ ಎದ್ದು ಕುಣಿಯುವಷ್ಟು ಖುಷಿ. ನನ್ನ ಸರ್ವೀಸಿನಲ್ಲಿ ಯಾವ ಕ್ಲಾಸು ಪಾಠವನ್ನು ಇಷ್ಟು ಗಮನ ಕೊಟ್ಟು ಕೇಳಿತ್ತು ಹೇಳಿ?

ಕೊನೆಗೆ ತಂಗಿ ನನ್ನನ್ನು ಸುಡುವ ಹಾಗೆ ನೋಡಿ ಒಳಗೆ ಹೋದಳು. ಬೀಗದಕೈ ತಂದು ತಾಯಮ್ಮನ ಮಡಿಲಿಗೆ ಹಾಕಿದಳು. "ನಿಮ್ಮತ್ರಾನೇ ಇರ್ಲಿ, ತಗೊಳ್ಳಿ." ತಾಯಮ್ಮ ಎಲ್ಲರಿಗಿಂತ ಮುಂಚೆ ಹಿತ್ತಲಿಗೆ ಓಡಿದಳು. ಮಿಕ್ಕವರು ಹಿಂದೆ ಕ್ಯೂ ನಿಂತರು.

ಅಡುಗೆಮನೆಯಲ್ಲಿ ಮಂಜುಳಾ ನನ್ನನ್ನು ಹಿಡಿದುಕೊಂಡಳು. "ಇಷ್ಟ್ ವರ್ಷ ಯಾರೂ ಕೇಳಿರ್ಲಿಲ್ಲ ಕಣಕ್ಕ."

"ಕೇಳಬೇಕಾ? ನಿನಗೇ ಹೊಳೀಬಾರದಾ?" ಅಂದೆ, ಪೂರ್ತಿ ಲೆಕ್ಚರರ್ ಗತ್ತಿನಲ್ಲಿ.

"ಬಂದಾಗ್ಲೆಲ್ಲ ಆ ಬೀಗದಕೈ ಈಸ್ಕೊಂಡು ಹೋಗ್ತಿದ್ದೋಳು ನೀನು. ನಿಂಗ್ಯಾಕೆ ಹೊಳೀಲಿಲ್ಲ?"