ಭಾವನ ಸೊಂಟ, ಮಗಳ ಹೊಟ್ಟೆ

ಹೊರಗೆ ನಲವತ್ತೈದು ಡಿಗ್ರಿ. ಕಾರಿನೊಳಗೆ ಎಸಿ ಫುಲ್. ಹಿಂದಿನ ಸೀಟಿನಲ್ಲಿ ನನ್ನ ಮಗಳು ನಿಧಿ ಹೊಟ್ಟೆಗೆ ಹೀಟಿಂಗ್ ಬೆಲ್ಟ್ ಕಟ್ಟಿಕೊಂಡು ಕೂತಿದ್ದಾಳೆ. ಗಲ್ಫ್ ಬೇಸಿಗೆಯಲ್ಲಿ ಬಿಸಿಯನ್ನು ಅಂಗಡಿಯಿಂದ ತಂದವರು ನಾವೇ ಇರಬೇಕು!

ನಿಧಿ ಹನ್ನೊಂದನೇ ಗ್ರೇಡು. ಅವಳಿಗೆ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅದರ ಹೊರಗೂ ಬೆಳೆದು ಜೀವ ಹಿಂಡುವ ಕಾಯಿಲೆ. ಡಾಕ್ಟರು ಮಾತ್ರೆಯ ಜೊತೆಗೆ ಶಾಖ, ಫಿಸಿಯೋಥೆರಪಿ, ಹಗುರ ಸ್ಟ್ರೆಚಿಂಗ್ ಹೇಳಿದ್ದಾರೆ. ಟೆನ್ಸ್ ಅಂತ ಅಂಗೈಯಗಲದ ಮೆಷಿನ್ನೂ ಇದೆ. ಚರ್ಮಕ್ಕೆ ಪ್ಯಾಡ್ ಅಂಟಿಸಿದರೆ ಜುಮುಜುಮು ಕರೆಂಟು ಬಿಟ್ಟು ನೋವನ್ನು ಸ್ವಲ್ಪ ಮರೆಸುತ್ತದೆ. ಇದರಿಂದೆಲ್ಲ ಕಾಯಿಲೆ ಹೋಗುವುದಿಲ್ಲ, ನಿಜ. ಆದರೆ ಹುಡುಗಿ ಹಾಸಿಗೆ ಬಿಟ್ಟು ಎದ್ದಳಲ್ಲ? ಎಷ್ಟೋ ತಿಂಗಳ ಮೇಲೆ ನೆಂಟರ ಮನೆಗೆ ಬರುತ್ತೇನೆ ಅಂದಳಲ್ಲ? ನನಗೆ ಅಷ್ಟೇ ಸಾಕಾಗಿತ್ತು.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ದುಬೈಯ ಅಲ್ ಕುಸೈಸ್‌ಗೆ ಹೊರಟಿದ್ದೆವು. ನನ್ನ ಅಕ್ಕ ವನಜಳ ಮನೆಯಲ್ಲಿ ಭಾನುವಾರದ ಊಟ. (ಕೋಳಿ ಸಾರಿನ ಜೊತೆ ಕೋರಿ ರೊಟ್ಟಿ. ಅದಕ್ಕಾಗಿ ಇನ್ನೂ ದೂರ ಹೋಗಬಹುದು.)

ಒಳಗೆ ಹೋದರೆ ಸೋಫಾದ ತುಂಬ ಸದಾನಂದ ಭಾವ, ಅಕ್ಕನ ಗಂಡ. ಸೊಂಟನೋವು. ಅವರಿಗೂ ಅದೇ ಹೀಟಿಂಗ್ ಬೆಲ್ಟ್, ಪಕ್ಕದಲ್ಲಿ ಅದೇ ಟೆನ್ಸ್ ಮೆಷಿನ್! ಬೆನ್ನಿಗೆ ದಿಂಬು, ಕೈಗೆ ಚಹಾ. ಟೀವಿ ವಾಲ್ಯೂಮ್ ಕೂಡ ಭಾವನ ಸೊಂಟಕ್ಕೆ ಮರ್ಯಾದೆ ಕೊಟ್ಟು ತಗ್ಗಿತ್ತು.

ನಿಧಿ ಪಕ್ಕದ ಕುರ್ಚಿಯಲ್ಲಿ ಕೂತು ಬೆಲ್ಟ್ ಆನ್ ಮಾಡಿದಳು. ತಗೊಳ್ಳಿ, ಶುರುವಾಯಿತು. ಊಟಕ್ಕೆ ಬಂದಿದ್ದ ನೆಂಟರ ಪೈಕಿ ಹೆಂಗಸರೆಲ್ಲ ಡಾಕ್ಟರಾದರು. ಈ ವಯಸ್ಸಿಗೇ ಇದೆಲ್ಲ ಯಾಕಂತೆ? ಹೊಟ್ಟೆಗೆ ಕರೆಂಟು ಕೊಟ್ಟರೆ ಮಕ್ಕಳಾಗುವುದಿಲ್ಲವಂತೆ. (ಯಾರು ಹೇಳಿದ್ದು? ವಾಟ್ಸ್ಯಾಪ್.) ನಾವೂ ಮುಟ್ಟು ಕಂಡವರೇ, ಹೀಗೆ ವಯರು ಸುತ್ತಿಕೊಂಡು ಕೂತಿದ್ದೆವಾ? ಎದ್ದು ನಾಲ್ಕು ಜನಕ್ಕೆ ರೊಟ್ಟಿ ಬಡಿಸಿದರೆ ನೋವು ತಾನಾಗಿ ಮರೆತುಹೋಗುತ್ತದಂತೆ. ನೀವೇ ಹೇಳಿ, ಈ ರೊಟ್ಟಿ ಥೆರಪಿಯನ್ನು ಭಾವನಿಗೆ ಒಬ್ಬರಾದರೂ ಯಾಕೆ ಹೇಳಲಿಲ್ಲ? ನನಗೆ ಮೈಯೆಲ್ಲ ಉರಿಯಿತು.

ನಿಧಿಯ ಕೈ ಸ್ವಿಚ್ಚಿನ ಕಡೆ ಹೋಯಿತು. ಮುಗಿಯಿತು, ಆಫ್ ಮಾಡಿ ಎದ್ದೇಬಿಡುತ್ತಾಳೆ, ಇನ್ನು ಯಾರ ಮನೆಗೂ ಬರುವುದಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಅಕ್ಕ ತನ್ನ ರಾಮಬಾಣ ಬಿಟ್ಟಳು: "ಎಂತ ಇಲ್ಲ ಮಾರಾಯ್ತಿ, ಡಿಗ್ರಿ ಮುಗಿದ ಕೂಡ್ಲೆ ಇವಳಿಗೊಂದು ಮದುವೆ ಮಾಡಿಬಿಡು. ನೋವೆಲ್ಲ ಖಲಾಸ್."

ನಿಧಿ ಆಫ್ ಮಾಡಲಿಲ್ಲ. ಬಿಸಿಯನ್ನು ಇನ್ನೊಂದು ಪಾಯಿಂಟ್ ಏರಿಸಿದಳು. ಸೋಫಾದ ಕಡೆಗೊಮ್ಮೆ ನೋಡಿ, ತೀರಾ ಮೆತ್ತಗೆ ಕೇಳಿದಳು:

"ಬಟ್ ದೊಡ್ಡಮ್ಮ, ದೊಡ್ಡಪ್ಪನಿಗೆ ಮದುವೆ ಆಗಿದೆಯಲ್ಲ?"