ಸೀಮೆಸುಣ್ಣದ ಬಲಗಾಲು

ನಾನು ಚಿಕ್ಕವಳಿದ್ದಾಗ ಆಂಧ್ರದ ರಾಯದುರ್ಗದ ನಮ್ಮ ಓಣಿಗೆ ಯಾರಾದರೂ ಪುಸ್ತಕ ಹಿಡಿದು ಬಂದರೆ ಎಲ್ಲರಿಗೂ ಹೆದರಿಕೆ ಆಗುತ್ತಿತ್ತು. ಹಳ್ಳಿ ಬಿಟ್ಟು ಬಂದು ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದವರು ನಾವು. ಮಿಷನ್ ಎಷ್ಟಿವೆ, ಕರೆಂಟು ಎಲ್ಲಿಂದ ಎಳೆದಿರಿ ಎಂದು ಕೇಳಿ, ಬರೆದುಕೊಂಡು ದಂಡ ಹಾಕುವವರೇ ಬರುತ್ತಿದ್ದರು. ಹೊರಗಿನಿಂದ ಬಂದವರೆಂದು ಗೊತ್ತಾಗಬಾರದೆಂದು ಅಪ್ಪ ಅಂಥವರೊಡನೆ ತೆಲುಗಿನಲ್ಲೇ ಎರಡು ಮಾತಾಡಿ ಸಾಗಹಾಕುತ್ತಿದ್ದ.

ಒಂದು ಬೆಳಿಗ್ಗೆ ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಒಬ್ಬರು ಬಂದರು. ಮನೆ ತುಂಬ ಹೊಸ ಬಟ್ಟೆಯ ಗಂಜಿ ವಾಸನೆ, ನಮ್ಮ ಕೈಯೆಲ್ಲ ನೀಲಿ. ಅಪ್ಪ ಮಿಷನ್ ನಿಲ್ಲಿಸಿ, ತುಟಿ ಬಿಚ್ಚಬೇಡಿ ಎಂದು ಅಕ್ಕನಿಗೂ ನನಗೂ ಕಣ್ಣು ಬಿಟ್ಟ. ಬಂದವರು ತೆಲುಗಿನಲ್ಲಿ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ನಮ್ಮ ಭಾಷೆ ಕಟ್ಟಿಕೊಂಡು ಇವರಿಗೇನಾಗಬೇಕು? ನನಗೂ ಅನುಮಾನ ಬಂತು. "ತೆಲುಗೇ" ಎಂದ ಅಪ್ಪ. ಇಲ್ಲಿನ ಶಾಲೆಯ ಕನ್ನಡ ತರಗತಿಗೆ ಮಕ್ಕಳು ಸಾಲುತ್ತಿಲ್ಲ, ಈ ವರ್ಷ ಮುಚ್ಚಿಬಿಡುತ್ತಾರೆ, ಅದಕ್ಕೇ ಕೇಳಿದೆ ಎಂದು ಹೇಳಿ ಅವರು ಹೊರಟರು.

ಅಕ್ಕನ ಮುಖ ಬಾಡಿತು. ಹಳ್ಳಿಯಲ್ಲಿ ಕನ್ನಡದಲ್ಲೇ ನಾಲ್ಕನೇ ತರಗತಿ ಮುಗಿಸಿದವಳು, ಮುಂದೆಯೂ ಅದರಲ್ಲೇ ಓದಬೇಕೆಂದು ಅವಳ ಆಸೆ. ಕತ್ತರಿಸಿದ ಪ್ಯಾಂಟಿನ ತುಂಡುಗಳು ಬೆರೆಯದಂತೆ, ಯಾವುದು ಯಾವ ಭಾಗವೆಂದು ಸೀಮೆಸುಣ್ಣದಲ್ಲಿ ಬರೆಯುವುದು ಅವಳ ಕೆಲಸವಾಗಿತ್ತು. ತುಟಿ ಬಿಚ್ಚುವಂತಿರಲಿಲ್ಲವಲ್ಲ, ಒಂದು ಕಟ್ಟನ್ನು ಕಾಲಿನಿಂದ ಮೆಲ್ಲಗೆ ಹೊಸ್ತಿಲಿನತ್ತ ತಳ್ಳಿದಳು. ಅದರ ಮೇಲೆ ದೊಡ್ಡದಾಗಿ 'ಬಲಗಾಲು' ಎಂದು ಕನ್ನಡದಲ್ಲಿ ಬರೆದಿತ್ತು.

ಹೊಸ್ತಿಲು ದಾಟುತ್ತಿದ್ದ ಅವರು ಅದನ್ನು ಓದಿ ಗಕ್ಕನೆ ನಿಂತರು. "ಏನ್ರಿ, ಕನ್ನಡದವ್ರಾಗಿ ಸುಳ್ಳು ಯಾಕ ಹೇಳಿದ್ರಿ? ನಾನು ಕನ್ನಡ ಮೇಷ್ಟ್ರು!"

ಅಪ್ಪ ಅಷ್ಟು ಸುಲಭಕ್ಕೆ ನಂಬುವ ಆಸಾಮಿಯೇ ಅಲ್ಲ. "ಮೊದ್ಲು ಪುಸ್ತಕ ತೋರಿಸ್ರಿ" ಎಂದ. ನೋಡಿದರೆ, ನಮ್ಮ ಓಣಿಯ ಹೆಸರುಗಳ ಮುಂದೆಲ್ಲ ತೆಲುಗು, ತೆಲುಗು! ಅಪ್ಪ ಕೂಗಿದ: "ಎಲಾ ಇವನ! ಪಕ್ಕದ ಮನ್ಯಾಂವ ನಿನ್ನೆ ನನ್ ಜೋಡಿ ಕನ್ನಡದಾಗ ಜಗಳ ಆಡ್ಯಾನ್ರಿ!"

"ಅವ್ರೂ ನಿಮ್ಹಂಗ ಹೆದರ್ಯಾರ" ಎಂದರು ಮೇಷ್ಟ್ರು.

ಅಪ್ಪನಿಗೆ ನಾಚಿಕೆಯಾಯಿತು. "ನನ್ನ ಇಬ್ರೂ ಹೆಣ್ಮಕ್ಕಳನ್ನ ಬರ್ಕೊಳ್ರಿ. ಬರ್ರಿ, ಅವ್ರ ಮನೀಗೆ ನಾನೇ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದ. ಸಂಜೆಯವರೆಗೂ ಮೇಷ್ಟ್ರ ಜೊತೆ ಮನೆಮನೆ ತಿರುಗಿದ. ಆ ವರ್ಷ ತರಗತಿ ಉಳಿಯಿತು. ಅಕ್ಕ ಎಲ್ಲರಿಗಿಂತ ಮುಂದೆ ಹೋಗಿ ಕೂತಳು.

ಈಗ ಪುಸ್ತಕ ಹಿಡಿದು ಯಾರೂ ಬರುವುದಿಲ್ಲ, ಮಕ್ಕಳೇ. ಯಾವ ಭಾಷೆ ಬೇಕು ಎಂದು ನಿಮ್ಮ ಫೋನೇ ಕೇಳುತ್ತದೆ. ಪಟ್ಟಿಯಲ್ಲಿ ಕನ್ನಡವೂ ಇರುತ್ತದೆ. ಮೊನ್ನೆ ನೀವು ಆ ಪಟ್ಟಿಯನ್ನು ಓದದೆಯೇ ಇಂಗ್ಲಿಷ್ ಒತ್ತಿದ್ದನ್ನು ನಾನು ಕನ್ನಡಕದ ಮೇಲಿಂದ ನೋಡಿದೆ. ನಮ್ಮಪ್ಪನಿಗಾದರೂ ಹೆದರಿಕೆ ಇತ್ತು. ನಿಮಗೇನಿತ್ತು?