ಸುಸ್ಥಿತಿಯ ಸಿಗ್ನಲ್ ಜನರೇಟರ್

ಬೈಲಹೊಂಗಲದ ನಮ್ಮ ತರಬೇತಿ ಕೇಂದ್ರದಲ್ಲಿ ನಾನು ರೇಡಿಯೊ ವಿಭಾಗದ ಶಿಕ್ಷಕಿ. ಅಲ್ಲಿದ್ದದ್ದು ಒಂದೇ ಸಿಗ್ನಲ್ ಜನರೇಟರ್, ರೇಡಿಯೊ ಸ್ಟೇಷನ್ ಕಳಿಸುವಂಥ ತರಂಗವನ್ನು ಮೇಜಿನ ಮೇಲೇ ಹುಟ್ಟಿಸುವ ಪೆಟ್ಟಿಗೆ. ಅದನ್ನು ಕೈಯಾರೆ ಸರಿಪಡಿಸಿದೆ. ಸರಿಪಡಿಸಬಾರದಿತ್ತು.

ಕಳೆದ ವರ್ಷ ಪ್ರವೇಶ ಕಡಿಮೆಯಾಗಿ, ವಿಭಾಗ ಇಡಬೇಕೋ ಮುಚ್ಚಬೇಕೋ ಎಂದು ನೋಡಲು ಬೆಳಗಾವಿಯ ಇಲಾಖಾ ಕಚೇರಿಯಿಂದ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನೇಸರಗಿ, ಮುನವಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿಯರಿಗೆ ಇದು ಮುಚ್ಚಿದರೆ ಓದೇ ಮುಗಿದಂತೆ. ಯಂತ್ರ ಚೆನ್ನಾಗಿದ್ದರೆ ವಿಭಾಗ ಉಳಿದೀತು ಎಂದು ನಂಬಿದೆ. ನನ್ನದು ಮೊದಲೇ ಹಟಮಾರಿ ಸ್ವಭಾವ.

ಮುಚ್ಚಳ ಬಿಚ್ಚಿದರೆ ಒಳಗೆಲ್ಲ ವಿಭೂತಿ! ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆಗೆ ವರ್ಷವರ್ಷವೂ ನಾವೇ ಭಕ್ತಿಯಿಂದ ಬಳಿದದ್ದು, ಗುಂಡಿಗಳ ಸಂದಿಯಿಂದ ಇಳಿದು ಮಟ್ಟ ಹೊಂದಿಸುವ ಭಾಗದಲ್ಲಿ ಕೂತಿತ್ತು. ಮೊದಲು ಬೈದೆ, ಆಮೇಲೆ ನಕ್ಕೆ. ಬ್ರಷ್ ಹಿಡಿದು, ಸ್ಪಿರಿಟ್ ಹಾಕಿ ಒರೆಸಿದೆ.

ಆವರ್ತನವನ್ನು ಎಲ್ಲಿಗೆ ತಿರುಗಿಸಿದರೂ ಹೊರಬರುವ ಶಕ್ತಿ ಒಂದೇ ಮಟ್ಟದಲ್ಲಿರಬೇಕು. ನಮ್ಮದು ಮೇಲೆ ಹೋದಂತೆ ಸೊರಗುತ್ತಿತ್ತು. ಅದನ್ನು ಹದಕ್ಕೆ ತಂದೆ ಅನ್ನುವಷ್ಟರಲ್ಲಿ ಮಾಡ್ಯುಲೇಷನ್, ಅಂದರೆ ಧ್ವನಿಗೆ ತಕ್ಕಂತೆ ತರಂಗದ ಎತ್ತರ ಏರಿಳಿಸುವ ಕೆಲಸ, ಕೆಟ್ಟಿತು. ಅದನ್ನು ಶೇಕಡಾ ಐವತ್ತಕ್ಕೆ ಇಟ್ಟರೆ, ಅಲೆಯ ಆಕಾರ ತೋರಿಸುವ ಸ್ಕೋಪಿನ ಪರದೆಯಲ್ಲಿ ಅಲೆಯ ದಪ್ಪ ಭಾಗ ಸಣ್ಣ ಭಾಗದ ಮೂರು ಪಟ್ಟು ಕಾಣಬೇಕು. ಕಾಣಲಿಲ್ಲ. ಒಂದನ್ನು ತಿದ್ದಿದರೆ ಇನ್ನೊಂದು ಮುನಿಯುತ್ತಿತ್ತು, ಅತ್ತೆ-ಸೊಸೆಯರ ಹಾಗೆ. ಮತ್ತೆ ಮಟ್ಟ, ಮತ್ತೆ ಮಾಡ್ಯುಲೇಷನ್. ಕೊನೆಗೊಂದು ಮಧ್ಯಾಹ್ನ ಎರಡೂ ಒಪ್ಪಿ ನಿಂತವು. ಹುಡುಗಿಯರು ಚಪ್ಪಾಳೆ ತಟ್ಟಿದರು. ಸುಳ್ಳೇಕೆ, ನನಗೂ ಬಹಳ ಹಿಗ್ಗಾಯಿತು.

ಸಾಹೇಬರು ಬಂದು ಗುಂಡಿ ತಿರುಗಿಸಿ, ಪರದೆ ನೋಡಿ ತಲೆದೂಗಿದರು.

"ಭಾಳ ಛಲೋ ಇಟ್ಟೀರಿ ಮೇಡಂ. ಬೆಳಗಾವಿ ಕೇಂದ್ರದಾಗ ಇಂಥಾದ್ದು ಒಂದೂ ನಡ್ಯಾಂಗಿಲ್ಲ. ಇದನ್ನ ಅಲ್ಲಿಗೆ ತರಿಸ್ಕೋತೇವಿ."

"ಮತ್ತ ನಮ್ಮ ಹುಡುಗ್ಯಾರು ಏನ್ ಮಾಡಬೇಕ್ರಿ ಸರ್?"

"ವಿಭಾಗ ಇರತೈತಿ, ಚಿಂತಿ ಬಿಡ್ರಿ. ಆದ್ರ ಇಷ್ಟ ಕಡಿಮಿ ಮಂದಿಗೆ ಇಷ್ಟ ಛಲೋ ಮಷೀನ್ ಯಾಕ? ಕೆಟ್ಟಿದ್ರ ಇಲ್ಲೇ ಬಿಟ್ಟ ಹೋಗತಿದ್ವಿ."

ಮೈ ಉರಿಯಿತು. ವಾದಿಸಿದೆ, ಬೇಡಿಕೊಂಡೆ, ಏನೂ ನಡೆಯಲಿಲ್ಲ. ಸುಸ್ಥಿತಿಯಲ್ಲಿದೆ ಎಂದು ಸಹಿ ಹಾಕಿ, ಹಳೆಯ ಚಾದರದಲ್ಲಿ ಸುತ್ತಿ ನಾನೇ ಜೀಪಿಗೆ ಇಡಿಸಿದೆ. ಸೊರಗಿದ ಮಟ್ಟದಲ್ಲೇ ಅದು ಕಲಿಸುವುದಕ್ಕೆ ಸಾಕಾಗುತ್ತಿತ್ತು ಎಂಬುದು ಆಮೇಲೆ ಹೊಳೆಯಿತು.

ಈ ವರ್ಷ ಮುನವಳ್ಳಿಯಿಂದ ಒಬ್ಬ ತಾಯಿ ಮಗಳನ್ನು ಸೇರಿಸಲು ಬಂದಿದ್ದರು. ಪ್ರಯೋಗಾಲಯದ ಖಾಲಿ ಮೇಜಿನ ಮೇಲೆ, ತೋರಿಸಲು ಅಲೆಯೇ ಇಲ್ಲದ ಸ್ಕೋಪಿನ ಮೇಲೆ ಕಣ್ಣಾಡಿಸಿ, "ಅಕ್ಕಾರ, ಕೈಯಾಗ ಹಿಡದ ಕಲ್ಯಾಕ ಇಲ್ಲಿ ಏನೂ ಇಲ್ಲಲ್ರಿ?" ಎಂದರು.

ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ ಎಂದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು. ತಾಯಿ ಮಗಳ ಕೈ ಹಿಡಿದು ಬಾಗಿಲ ಕಡೆ ನಡೆದರು. ಇರಿ ಎಂದು ತಡೆದರೂ ಏನು ತೋರಿಸಲಿ?